ಅಪ್ಪನ ಡಬಲ್ ಬ್ಯಾರೆಲ್, ನನ್ನ ಏರ್ ರೈಫಲ್

ಭಾನುವಾರ ಬೆಳಗ್ಗೆ ಆರೂವರೆಗೆ ನನ್ನ ಹೆಂಡತಿ ಅಡುಗೆಮನೆಯ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳುತ್ತಾಳೆ. ಅಲ್ಲಿಂದ ಒಂದು ತಾಸು ಆ ಬಾಗಿಲು ತೆರೆಯುವಂತಿಲ್ಲ. ಚಹಾ ಬೇಕಿದ್ದರೆ ಮೊದಲೇ ಕುಡಿದಿರಬೇಕು. ಬಾಗಲಕೋಟೆ ನವನಗರದ ನಮ್ಮ ಮನೆ ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದಿನ ಪಡಸಾಲೆಯಿಂದ ಹಿಂದಿನ ಸಾಮಾನು ಕೋಣೆಯ ಗೋಡೆಗೆ ಟೇಪು ಹಿಡಿದು ಅಳೆದರೆ ಹತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು. ಏರ್ ರೈಫಲ್ ಅಭ್ಯಾಸಕ್ಕೆ ಅಷ್ಟು ಸಾಕು. ಅಡುಗೆಮನೆಯ ಬಾಗಿಲು ಮಾತ್ರ ಆ ದಾರಿಯ ನಡುವೆ ತೆರೆಯುತ್ತದೆ. ಅದಕ್ಕೇ ಚಿಲಕ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಸುಟ್ಟ ಪಂಪಸೆಟ್ಟುಗಳು ಬಾಗಿಲ ಮುಂದೆ ಸಾಲು ನಿಲ್ಲುತ್ತವೆ. ಬಂದೂಕಿನ ಹವ್ಯಾಸ ನನಗೆ ಅಂಟಿದ್ದು ಅಪ್ಪನಿಂದ. ಮುಧೋಳ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕಬ್ಬಿನ ಹೊಲವಿದೆ. ಕಬ್ಬು ಇದ್ದಲ್ಲಿ ಕಾಡುಹಂದಿ ಇರುತ್ತದೆ. ಅಪ್ಪ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ಒಂದು ಹನ್ನೆರಡು ಬೋರಿನ ಡಬಲ್ ಬ್ಯಾರೆಲ್ ಬಂದೂಕು ಇಟ್ಟಿದ್ದರು. ರಾತ್ರಿ ಗಾಳಿಗೆ ಒಂದು ಹಾರಿಸಿದರೆ ಹಂದಿಗಳು ಹಳ್ಳದ ಆಚೆ ಹೋಗುತ್ತಿದ್ದವು. ಅದಕ್ಕಿಂತ ಹೆಚ್ಚಿನ ಕೆಲಸವನ್ನು ಆ ಬಂದೂಕಿಗೆ ಅಪ್ಪ ಯಾವತ್ತೂ ಕೊಡಲಿಲ್ಲ.

2017ರಲ್ಲಿ ಅಪ್ಪ ತೀರಿಕೊಂಡರು. ಲೈಸೆನ್ಸ್ ಇದ್ದವರು ಹೋದ ಮೇಲೆ ಬಂದೂಕು ಮನೆಯಲ್ಲಿ ಉಳಿಯುವಂತಿಲ್ಲ. ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮಾ ಮಾಡಬೇಕು. ಹದಿಮೂರನೆಯ ದಿನದ ಕಾರ್ಯ ಮುಗಿಸಿ ನಾನೇ ಒಯ್ದು ಕೊಟ್ಟು ಬಂದೆ. ಆಮೇಲೆ ವಾರಸುದಾರನೆಂದು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿದೆ. ತಮ್ಮನ ಮತ್ತು ಅವ್ವನ ಒಪ್ಪಿಗೆ ಪತ್ರ, ಪೊಲೀಸ್ ವರದಿ, ಡಾಕ್ಟರ ಸರ್ಟಿಫಿಕೇಟು, ಬಂದೂಕು ಹಿಡಿಯುವ ತರಬೇತಿಯ ಸರ್ಟಿಫಿಕೇಟು, ಮನೆಯಲ್ಲಿ ಎಲ್ಲಿ ಇಡುತ್ತೇನೆ ಎಂಬ ವಿವರ. ಸುಮಾರು ಎರಡು ವರ್ಷ ಹಿಡಿಯಿತು. 2019ರ ಬೇಸಿಗೆಯಲ್ಲಿ ಲೈಸೆನ್ಸ್ ಕೈಗೆ ಬಂತು. ಆಗ ಮೂರು ವರ್ಷಕ್ಕೊಮ್ಮೆ ರಿನ್ಯೂವಲ್ ಇತ್ತು. ಅದೇ ವರ್ಷದ ಕೊನೆಗೆ ಕಾಯ್ದೆ ತಿದ್ದುಪಡಿಯಾಗಿ ಐದು ವರ್ಷವಾಯಿತು. ಓಡಾಟದ ಬಗ್ಗೆ ನನಗೆ ದೂರಿಲ್ಲ. ಒಬ್ಬ ಮನುಷ್ಯನ ಕೈಗೆ ಬಂದೂಕು ಕೊಡುವ ಮುಂಚೆ ಸರಕಾರ ನಾಲ್ಕು ಸಲ ನೋಡಲಿ. ನಾನೇ ಆ ಕುರ್ಚಿಯಲ್ಲಿದ್ದರೂ ನೋಡುತ್ತಿದ್ದೆ.

ಬಂದೂಕು ಮನೆಗೆ ಬಂದ ಮೇಲೆ ನಾನು ಮೊದಲು ಕಲಿತದ್ದು ಗುಂಡು ಹಾರಿಸುವುದನ್ನಲ್ಲ, ಒರೆಸುವುದನ್ನು. ಅಪ್ಪ ಅದನ್ನು ಚರ್ಮದ ಚೀಲದಲ್ಲಿ ಇಟ್ಟಿದ್ದರು. ಚರ್ಮ ತೇವ ಹೀರಿಕೊಳ್ಳುತ್ತದೆ. ಚೀಲದಿಂದ ತೆಗೆದಾಗ ಬ್ಯಾರೆಲಿನ ಕೆಳಗೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಆವತ್ತಿನಿಂದ ಚೀಲ ಒಯ್ಯಲಿಕ್ಕೆ ಮಾತ್ರ. ಇಡುವುದು ಕಬ್ಬಿಣದ ಕಪಾಟಿನಲ್ಲಿ, ಬಿಚ್ಚಿ, ಹಳೆಯ ಧೋತರದ ಬಟ್ಟೆ ಸುತ್ತಿ. ಬೆರಳಿನ ಬೆವರಿನಲ್ಲಿ ಉಪ್ಪಿರುತ್ತದೆ. ಯಾರಾದರೂ ಕುತೂಹಲಕ್ಕೆ ಮುಟ್ಟಿ ನೋಡಿದರೂ ಅವರು ಹೋದ ಕೂಡಲೇ ಎಣ್ಣೆ ಬಟ್ಟೆಯಿಂದ ಒರೆಸುತ್ತೇನೆ. ಹಾರಿಸಿದ ದಿನ ಕಂಚಿನ ಬ್ರಷ್ಷು, ಬಟ್ಟೆ ತುಂಡು, ಕೊನೆಗೆ ತೆಳುವಾಗಿ ಎಣ್ಣೆ. ತೋಟಾಗಳು ಬೇರೆ ಕಪಾಟಿನಲ್ಲಿ. ಆ ಬೀಗದ ಕೈ ಬೇರೆ ಗೊಂಚಲಲ್ಲಿ.

ಹನ್ನೆರಡು ಬೋರು ಎಂದರೆ ಏನು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಹನ್ನೆರಡು ಎಂಬುದು ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ. ಒಂದು ಪೌಂಡು ಸೀಸದಿಂದ ಒಂದೇ ಅಳತೆಯ ಹನ್ನೆರಡು ಉಂಡೆ ಮಾಡಿದರೆ, ಒಂದು ಉಂಡೆ ಎಷ್ಟು ದಪ್ಪ ಇರುತ್ತದೋ ಅಷ್ಟು ಈ ನಳಿಕೆಯ ಬಾಯಿ. ಸುಮಾರು 18.5 ಮಿಲಿಮೀಟರು. ಇನ್ನೊಂದು ಮಾತು, ಇದು ಹಳೆಯ ಬಂದೂಕು ಇರುವವರಿಗೆ. ತೋಟಾ 65 ಮಿಲಿಮೀಟರಿನದೂ ಬರುತ್ತದೆ, 70ರದೂ ಬರುತ್ತದೆ. 65ಕ್ಕೆ ಮಾಡಿದ ಹಳೆಯ ಬಂದೂಕಿನಲ್ಲಿ 70ರ ತೋಟಾ ಸಲೀಸಾಗಿ ಕೂರುತ್ತದೆ, ಆದರೆ ಹಾರಿಸಿದಾಗ ಅದರ ಬಾಯಿಯ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲುವುದಿಲ್ಲ. ಒಳಗಿನ ಒತ್ತಡ ಏರುತ್ತದೆ. ಬಂದೂಕಿನ ಮೇಲೆ ಕೆತ್ತಿದ ಅಂಕಿಯನ್ನು ಓದಿ, ಅಷ್ಟರದೇ ತೋಟಾ ಕೇಳಿ ತೆಗೆದುಕೊಳ್ಳಿ.

ಈ ದೊಡ್ಡ ಬಂದೂಕಿನಿಂದ ಆಟ ಆಡಲು ಆಗುವುದಿಲ್ಲ. ವರ್ಷಕ್ಕೆ ಬೆರಳೆಣಿಕೆಯಷ್ಟು ತೋಟಾ ಸುಡುತ್ತೇನೆ, ಅದೂ ಕಬ್ಬಿಗೆ ಹಂದಿ ಬಿದ್ದಾಗ, ಗಾಳಿಗೆ ಮಾತ್ರ. ಗುರಿ ಇಟ್ಟು ಹೊಡೆಯುವ ಆಸೆ ಹಾಗೇ ಉಳಿದಿತ್ತು. ಒಂದು ವರ್ಷದ ನಂತರ ಏರ್ ರೈಫಲ್ ತಂದೆ. 0.177 ಇಂಚಿನ ಬೋರು, ಅಂದರೆ 4.5 ಮಿಲಿಮೀಟರು. ಇಷ್ಟು ಬೋರಿನ, 20 ಜೂಲ್ ಒಳಗಿನ ಶಕ್ತಿಯ ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಗುರುತಿನ ಚೀಟಿ ಕೊಟ್ಟು ತಂದೆ. ಬ್ಯಾರೆಲ್ ಮಡಚಿ ಸ್ಪ್ರಿಂಗ್ ಏರಿಸುವ ನಮೂನೆಯದು.

ಗುಂಡು ಹಿಡಿಯುವ ಪೆಟ್ಟಿಗೆ ನಾನೇ ಮಾಡಿದ್ದು. ಸಕ್ಕರೆ ಕಾರ್ಖಾನೆಯ ಕನ್ವೇಯರ್ ಬೆಲ್ಟಿನ ಹಳೆಯ ತುಂಡುಗಳು ಮುಧೋಳದ ಗುಜರಿಯಲ್ಲಿ ಸಿಗುತ್ತವೆ. ಕಟ್ಟಿಗೆ ಪೆಟ್ಟಿಗೆಯೊಳಗೆ ಹಿಂದೆ ಕಬ್ಬಿಣದ ತಗಡು, ಅದರ ಮುಂದೆ ಎರಡು ಪದರ ಬೆಲ್ಟು, ಅದರ ಮುಂದೆ ಒತ್ತಿ ತುಂಬಿದ ಹಳೆಯ ಬಟ್ಟೆ. ಗುರಿಯ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರ, ಪಂದ್ಯದಲ್ಲಿ ಇರುವ ಹಾಗೇ. ಮೊದಲು ಮಾಳಿಗೆಯ ಮೇಲೆ ಹೊಡೆಯುತ್ತಿದ್ದೆ. ಆಷಾಢದ ಗಾಳಿ ಶುರುವಾದಾಗ ಬಿಟ್ಟೆ. ಆ ಗುಂಡು ಅರ್ಧ ಗ್ರಾಮ್ ತೂಕದ್ದು, ನಮ್ಮ ಕಡೆಯ ಗಾಳಿಗೆ ಅದು ಯಾವ ಲೆಕ್ಕ! ಅಕ್ಕಪಕ್ಕದ ಮಾಳಿಗೆಗಳಲ್ಲಿ ಜನ ಹಪ್ಪಳ ಒಣಗಿಸಲು ಬರುತ್ತಾರೆ ಎಂಬುದು ಇನ್ನೊಂದು ಕಾರಣ. ಮೊದಲ ದಿನವೇ ಅದನ್ನು ಯೋಚಿಸಬೇಕಿತ್ತು.

ಹತ್ತು ಮೀಟರ್ ರೈಫಲ್ ಗುರಿಯ ಕಾಗದವನ್ನು ಕೈಯಲ್ಲಿ ಹಿಡಿದರೆ ಅದರ ಕಷ್ಟ ತಿಳಿಯುತ್ತದೆ. ಒಂಬತ್ತು ಅಂಕದ ಉಂಗುರ 5.5 ಮಿಲಿಮೀಟರು ಅಗಲ. ಹತ್ತರದು ಉಂಗುರವೇ ಅಲ್ಲ, ಅರ್ಧ ಮಿಲಿಮೀಟರಿನ ಚುಕ್ಕೆ. ಪೆನ್ನಿನ ತುದಿ ಒತ್ತಿದಷ್ಟು. ಮೊದಲ ದಿನ ಹತ್ತು ಗುಂಡಿಗೆ ನನಗೆ ಸಿಕ್ಕಿದ್ದು ನೂರಕ್ಕೆ 41. ಮರುವಾರ 38. ನಾನು ಬಂದೂಕನ್ನು ಗಟ್ಟಿಯಾಗಿ ಹಿಡಿದಷ್ಟೂ ಗುಂಡುಗಳು ಚದುರುತ್ತಿದ್ದವು. ರೈಫಲ್ಲೇ ಸರಿ ಇಲ್ಲ ಅಂದುಕೊಂಡೆ. ತಪ್ಪು ಹಿಡಿತದ್ದು.

ಸ್ಪ್ರಿಂಗ್ ರೈಫಲಿನೊಳಗೆ ಆಗುವುದು ಹೀಗೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ಆಗ ಬಂದೂಕು ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ಹೋಗಿ ನಿಂತಾಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಇದು ಗುಂಡು ನಳಿಕೆ ಬಿಡುವುದಕ್ಕೆ ಮೊದಲೇ ಶುರುವಾಗುತ್ತದೆ. ಗಟ್ಟಿ ಹಿಡಿದರೆ ಆ ಜಗ್ಗಾಟಕ್ಕೆ ಪ್ರತಿ ಸಲ ಬೇರೆ ಬೇರೆ ತಡೆ ಒಡ್ಡಿದ ಹಾಗೆ. ಒಂದು ಸಲ ಎಡಕ್ಕೆ, ಒಂದು ಸಲ ಮೇಲಕ್ಕೆ. ಎಡಗೈ ಅಂಗೈ ಬಿಚ್ಚಿ ಅದರ ಮೇಲೆ ಬಂದೂಕನ್ನು ಸುಮ್ನೆ ಮಲಗಿಸಬೇಕು, ಹೆಗಲಿಗೆ ಹಗುರಾಗಿ ತಾಗಿಸಬೇಕು, ಅದು ತನಗೆ ಬೇಕಾದಂತೆ ಅಲುಗಾಡಲು ಬಿಡಬೇಕು. ನನಗೆ ಇದು ಅರ್ಥವಾದದ್ದು ಅಂಗಡಿಯಲ್ಲಿ. ಕಾಯಿಲ್ ಸುತ್ತುವಾಗ ತಾಮ್ರದ ತಂತಿಯನ್ನು ಬೆರಳಿನಲ್ಲಿ ಬಿಗಿಯಾಗಿ ಹಿಡಿದರೆ ಮೇಲಿನ ಲೇಪ ಕಿತ್ತು ಹೋಗುತ್ತದೆ, ಪೂರಾ ಬಿಟ್ಟರೆ ಸುತ್ತು ಜೋಲುತ್ತದೆ. ಇಪ್ಪತ್ತು ವರ್ಷದಿಂದ ನನ್ನ ಬೆರಳಿಗೆ ಗೊತ್ತಿದ್ದ ಹಿಡಿತವೇ ಅದು. ಅದನ್ನು ಬಂದೂಕಿಗೆ ತಂದ ವಾರ ಹತ್ತು ಗುಂಡಿಗೆ 67 ಬಂತು. ಈಗ 82ರಿಂದ 85ರ ನಡುವೆ ಇದ್ದೇನೆ.

ಉಳಿದದ್ದು ಉಸಿರು ಮತ್ತು ಬೆರಳು. ಅರ್ಧ ಉಸಿರು ಬಿಟ್ಟು ನಿಲ್ಲಿಸುತ್ತೇನೆ. ಏಳೆಂಟು ಸೆಕೆಂಡಿನಲ್ಲಿ ಗುಂಡು ಹೋಗದಿದ್ದರೆ ಬಂದೂಕು ಕೆಳಗಿಳಿಸಿ ಮತ್ತೆ ಶುರು ಮಾಡುತ್ತೇನೆ. ಹಟ ಹಿಡಿದು ಹೊಡೆದ ಗುಂಡು ಒಂದೂ ಒಳ್ಳೆಯ ಕಡೆ ಬಿದ್ದಿಲ್ಲ. ಗುಂಡು ಹೋದ ಮೇಲೂ ಒಂದು ಕ್ಷಣ ಹಾಗೇ ಗುರಿ ನೋಡುತ್ತಿರಬೇಕು. ಗುಂಡು ಹಾಕದೆ ಸ್ಪ್ರಿಂಗ್ ರೈಫಲನ್ನು ಸುಮ್ನೆ ಹಾರಿಸಬೇಡಿ. ಮುಂದೆ ಒತ್ತುವ ಗಾಳಿ ಇರುವುದಿಲ್ಲ, ಪಿಸ್ಟನ್ ಹೋಗಿ ನೇರ ಬಡಿಯುತ್ತದೆ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಗುಂಡು ಸೀಸದ್ದು. ನನ್ನ ಮಗಳು ಒಮ್ಮೆ ಅದೇ ಕೈಯಲ್ಲಿ ಶೇಂಗಾ ತಿನ್ನಲು ಹೊರಟಿದ್ದಳು. ಆವತ್ತಿನಿಂದ ಕೈ ತೊಳೆಯುವ ತನಕ ಶೇಂಗಾದ ಡಬ್ಬಿ ಕಪಾಟಿನಿಂದ ಕೆಳಗೆ ಬರುವುದಿಲ್ಲ.

ನಮ್ಮ ಮನೆಯಲ್ಲಿ ಬಂದೂಕು ಇದೆ ಎಂದು ಗೊತ್ತಾದ ಮೇಲೆ ಜನ ಕೇಳುವುದು ಎರಡೇ.

ಮೊದಲನೆಯದು ಮದುವೆ. ದೊಡ್ಡಪ್ಪನ ಮೊಮ್ಮಗನ ಲಗ್ನದ ಹಿಂದಿನ ದಿನ ಹುಡುಗರು ನಾಲ್ಕು ಜನ ಅಂಗಡಿಗೆ ಬಂದರು. "ಕಾಕಾ, ನಾಳಿ ಮೆರವಣಿಗ್ಯಾಗ ಬಂದೂಕ ತೊಗೊಂಡ ಬರ‍್ರಿ. ಎರಡು ಹಾರಿಸಿದ್ರ ಸಾಕ್ರಿ." ನಾನು ಕೂತುಕೊಳ್ಳಿ ಎಂದೆ. "ಮ್ಯಾಲ ಹೋದದ್ದು ಕೆಳಗ ಬರಬೇಕಲ್ಲಪಾ? ಯಾರ ತಲಿ ಮ್ಯಾಲ ಬರತೈತಿ ಅಂತ ನಂಗ ಹ್ಯಾಂಗ ಗೊತ್ತಾಗಬೇಕು?" ಅವರ ಬಳಿ ಉತ್ತರ ಇರಲಿಲ್ಲ. 2019ರ ತಿದ್ದುಪಡಿಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜೀವಕ್ಕೆ ಅಪಾಯ ತರುವುದಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇವೆ. ಅದನ್ನೂ ಹೇಳಿದೆ. ದೊಡ್ಡಪ್ಪ ಒಂದು ತಿಂಗಳು ಮಾತು ಬಿಟ್ಟರು. ಈಗ ಸರಿಯಾಗಿದ್ದಾರೆ. ಇನ್ನೊಮ್ಮೆ ಕೇಳಿದರೂ ನನ್ನ ಉತ್ತರ ಅದೇ.

ಎರಡನೆಯದು ಹಕ್ಕಿ. ಏರ್ ರೈಫಲ್ ಕಂಡರೆ ಹುಡುಗರಿಗೆ ಬೆಳವ ನೆನಪಾಗುತ್ತದೆ. ಓಣಿಯ ಹುಡುಗನೊಬ್ಬ ಕರೆಂಟು ತಂತಿ ಮೇಲೆ ಕೂತ ಬೆಳವ ತೋರಿಸಿ "ಒಂದ ಹೊಡೀಲ್ರಿ ಮಾಮಾ?" ಎಂದು ಕೈ ಚಾಚಿದ. ಕೊಡಲಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಬೇಟೆಯೇ. ಏರ್ ಗನ್ನಿಗೆ ಲೈಸೆನ್ಸ್ ಬೇಡ ಎಂದರೆ ಹಕ್ಕಿ ಹೊಡೆಯಬಹುದು ಎಂದಲ್ಲ. ಕಾಯ್ದೆ ಇರಲಿ ಬಿಡಿ. ಬೀಳಗಿ ಮತ್ತು ಮುಧೋಳದ ನಡುವೆ ಯಡಹಳ್ಳಿಯ ಕುರುಚಲು ಗುಡ್ಡಗಳಲ್ಲಿ ಚಿಂಕಾರ ಎಂಬ ಹುಲ್ಲೆಗಳು ಉಳಿದುಕೊಂಡಿವೆ, ಅವಕ್ಕಾಗಿ ವನ್ಯಧಾಮ ಮಾಡಿದ್ದಾರೆ. ಹೊಲಕ್ಕೆ ಹೋಗುವಾಗ ಒಮ್ಮೆ ಬೆಳ್ಳಂಬೆಳಗ್ಗೆ ಒಂದನ್ನು ನೋಡಿದ್ದೇನೆ. ಬೈಕ್ ನಿಲ್ಲಿಸಿ ಅದು ಗುಡ್ಡ ಏರುವವರೆಗೂ ನಿಂತಿದ್ದೆ. ಜೀವ ಇರುವುದರ ಕಡೆಗೆ ಬಂದೂಕು ತಿರುಗಿಸುವ ಮನಸ್ಸು ನನಗೆ ಬರುವುದಿಲ್ಲ. ಆ ಹುಡುಗನನ್ನು ಭಾನುವಾರ ಬಾ ಎಂದೆ. ಬಂದ. ಕಾಗದದ ಮೇಲೆ ಐದು ಗುಂಡು ಹೊಡೆದ. ಎರಡು ಕಾಗದಕ್ಕೇ ತಾಗಲಿಲ್ಲ. ಈಗ ತಿಂಗಳಿಗೆ ಎರಡು ಸಲ ಬರುತ್ತಾನೆ.

ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ. ಕುಡಗೋಲು, ಕೊಡಲಿ, ಅಂಗಡಿಯ ಕಟಿಂಗ್ ಪ್ಲೇಯರು, ಜೊತೆಗೆ ಅಪ್ಪನ ಬಂದೂಕು. ಅವ್ವ ಮೊದಲೆಲ್ಲ ಬ್ಯಾರೆಲಿಗೇ ನೀರು ಚಿಮುಕಿಸಿ ಕುಂಕುಮ ಹಚ್ಚುತ್ತಿದ್ದಳು. ಕುಂಕುಮ ಸಂದಿಗೆ ಇಳಿದು ಎಣ್ಣೆಯೊಡನೆ ಗಟ್ಟಿಯಾಗುತ್ತಿತ್ತು. ಈಗ ಕಟ್ಟಿಗೆಯ ಹಿಡಿಗೆ ಮಾತ್ರ ಒಂದು ಬೊಟ್ಟು. ಆರತಿ ದೂರದಿಂದ. ಅವ್ವನಿಗೆ ಹೇಳಿದಾಗ "ದೇವರಿಗೆ ಎಲ್ಲಿ ಹಚ್ಚಿದ್ರೂ ಮುಟ್ಟತೈತಿ ತಗೋ" ಎಂದಳು.

ಇಷ್ಟೆಲ್ಲದರಲ್ಲಿ ನನಗೆ ನೋವಾದ ಸಂಗತಿ ಒಂದೇ. ಚುನಾವಣೆ ಬಂದಾಗ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಜಮಾ ಮಾಡಲು ನಮ್ಮಲ್ಲಿ ಹೇಳುತ್ತಾರೆ. 2023ರ ವಿಧಾನಸಭೆಗೆ ಕೊಟ್ಟೆ, 2024ರ ಲೋಕಸಭೆಗೂ ಕೊಟ್ಟೆ. ಎರಡನೆಯ ಸಲ ಮಾರ್ಚ್ ಕೊನೆಗೆ ಹೋದದ್ದು ಜೂನಿನಲ್ಲಿ ಫಲಿತಾಂಶ ಬಂದ ಮೇಲೆ ವಾಪಸಾಯಿತು. ಹಿಡಿಯ ಮೇಲೆ ಬೆರಳುದ್ದ ಗೀರು, ಬ್ಯಾರೆಲಿನ ಮೇಲೆ ತುಕ್ಕು. ಒಂದರ ಮೇಲೊಂದು ಒರಗಿಸಿ ಇಟ್ಟಿದ್ದರು. ಅಪ್ಪ ಮೂವತ್ತು ವರ್ಷ ಒಂದು ಗೀರು ಬೀಳದಂತೆ ಇಟ್ಟಿದ್ದ ಕಟ್ಟಿಗೆ ಅದು.

ಬಂದೂಕು ಒಪ್ಪಿಸುವ ಮಾತು ಬಂದರೆ ನಮ್ಮ ತಾಲೂಕಿನವರಿಗೆ ಹಲಗಲಿ ನೆನಪಾಗದೆ ಇರುವುದಿಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ದಂಡು ಬಂತು, ಮನೆಗಳು ಸುಟ್ಟವು, ಹಿಡಿದವರನ್ನು ನೇಣಿಗೆ ಹಾಕಿದರು. ಕಟ್ಟೆಯ ಮೇಲೆ ಕೂತ ಹಿರಿಯರು ಈಗಲೂ ಎರಡನ್ನೂ ಸೇರಿಸಿ ಮಾತಾಡುತ್ತಾರೆ. ನಾನು ಸೇರಿಸುವುದಿಲ್ಲ. ಅವರದು ಪರರಾಜ್ಯದ ಹುಕುಂ, ಕೊಟ್ಟರೆ ತಿರುಗಿ ಬರುವ ಮಾತಿರಲಿಲ್ಲ. ನನ್ನದು ಎರಡು ಮೂರು ತಿಂಗಳಿಗೆ, ರಸೀದಿ ಕೊಟ್ಟು ತೆಗೆದುಕೊಂಡದ್ದು. ಮತದಾನದ ದಿನ ಊರಲ್ಲಿ ಬಂದೂಕು ಇಲ್ಲದಿರುವುದು ಒಳ್ಳೆಯದೇ. ಇಡಲಿಕ್ಕೆ ಒಂದು ಸರಿಯಾದ ಸ್ಟ್ಯಾಂಡು ಮಾಡಲಿ, ಅಷ್ಟೇ ನನ್ನ ಬೇಡಿಕೆ. ಅದಾಗುವ ತನಕ ನನ್ನ ಕ್ರಮ ಹೀಗಿದೆ. ಒಯ್ಯುವ ಮುಂಚೆ ದಪ್ಪಗೆ ಎಣ್ಣೆ ಹಚ್ಚಿ, ಹತ್ತಿ ಬಟ್ಟೆ ಸುತ್ತಿ, ಮೇಲೆ ಗೋಣಿ ಹೊಲಿಯುತ್ತೇನೆ. ಹೆಸರು ಮತ್ತು ಲೈಸೆನ್ಸ್ ನಂಬರಿನ ಚೀಟಿ ಕಟ್ಟುತ್ತೇನೆ. ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡುತ್ತೇನೆ. ವಾಪಸು ತರುವಾಗ ಅಲ್ಲೇ ನಿಂತು ಬಂದೂಕಿನ ನಂಬರನ್ನು ಲೈಸೆನ್ಸಿಗೆ ತಾಳೆ ನೋಡುತ್ತೇನೆ.

ಆ ಗೀರು ಇನ್ನೂ ಇದೆ. ತಿಕ್ಕಿ ಪಾಲಿಶ್ ಮಾಡಿಸಬಹುದು. ಹಾಗೆ ಮಾಡಿದರೆ ಅಪ್ಪನ ಕೈ ಹಿಡಿದು ಹಿಡಿದು ನುಣುಪಾದ ಜಾಗವೂ ಹೋಗುತ್ತದೆ. ಅದಕ್ಕೆ ಬಿಟ್ಟಿದ್ದೇನೆ.

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಯಲ್ಲಿ ಕಂಚು ಗೆದ್ದ. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಅದು ಮೊದಲ ಒಲಿಂಪಿಕ್ ಪದಕ. ಅಂಗಡಿಯಲ್ಲಿ ಮೊಬೈಲ್ ಇಟ್ಟುಕೊಂಡು ನಾನೂ ಮಗಳೂ ನೋಡಿದೆವು. ಮೊಣಕಾಲೂರಿ, ಮಲಗಿ, ಕೊನೆಗೆ ನಿಂತು. ಒಟ್ಟು 451.4 ಅಂಕ. ಆತ ಕೊಲ್ಲಾಪುರ ಜಿಲ್ಲೆಯ ಹಳ್ಳಿಯವನು, ರೈಲ್ವೆಯಲ್ಲಿ ಕೆಲಸ. ಕೊಲ್ಲಾಪುರ ನಮಗೆ ಪರಸ್ಥಳ ಅನಿಸುವುದೇ ಇಲ್ಲ. ಅಂಬಾಬಾಯಿಗೆ ಹೋಗುತ್ತೇವೆ, ಚಪ್ಪಲಿ ತರುತ್ತೇವೆ. 2010ರಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೂಡ ಅಲ್ಲಿಯವಳೇ. ಮಗಳು ಅದನ್ನು ಹುಡುಕಿ ನನಗೆ ಓದಿ ಹೇಳಿದಳು. ಮರುದಿನ ಭಾನುವಾರವಲ್ಲ, ಶುಕ್ರವಾರ. ಶಾಲೆಗೆ ಹೋಗುವ ಮುಂಚೆ ಅವಳೇ ತನ್ನ ಅವ್ವನಿಗೆ ಚಿಲಕ ಹಾಕಲು ಹೇಳಿ ರೈಫಲ್ ಕೇಳಿದಳು.

ಈಗ ಅವಳು ಒಂಬತ್ತನೇ ಇಯತ್ತೆ. ಬ್ಯಾರೆಲ್ ಮಡಚಿ ಸ್ಪ್ರಿಂಗ್ ಏರಿಸಲು ಇನ್ನೂ ನಾನೇ ಬೇಕು, ಅದು ಬಿಗಿ ಇದೆ. ಉಳಿದದ್ದೆಲ್ಲ ಅವಳೇ ಮಾಡುತ್ತಾಳೆ. ಬಾಗಿಲು ನೋಡುವುದು, ಬೆರಳನ್ನು ಟ್ರಿಗರಿನ ಹೊರಗೆ ಇಡುವುದು, ಗುಂಡು ಎಣಿಸುವುದು. ಹೋದ ವಾರ ಅವಳಿಗೆ 86 ಬಂತು, ನನಗೆ 83. ಆ ಕಾಗದವನ್ನು ಸಾಮಾನು ಕೋಣೆಯ ಬಾಗಿಲಿಗೆ ಅಂಟಿಸಿದ್ದಾಳೆ.