ಹದಿನೆಂಟು ತಿಂಗಳಿಗೊಮ್ಮೆ ಬರುತ್ತಿದ್ದ ದುಡ್ಡು

ಅಪ್ಪ ಗದಗ ಕಡೆಯವರು. ರೈಲ್ವೆ ಕೆಲಸಕ್ಕೆಂದು ಪುಣೆ ಜಿಲ್ಲೆಯ ದೌಂಡ್‌ಗೆ ಬಂದವರು ಇಲ್ಲೇ ನಿಂತರು. ಮೂರು ಎಕರೆ ಎರೆ ಹೊಲ ತೆಗೆದುಕೊಂಡರು. ಖಡಕ್‌ವಾಸ್ಲಾ ಕಾಲುವೆ ನೀರಿತ್ತು, ಕಬ್ಬು ಹಚ್ಚಿದರು. ನೀರಿದ್ದವರೆಲ್ಲ ಅದನ್ನೇ ಮಾಡುತ್ತಿದ್ದರು. 2016ರಲ್ಲಿ ಹೊಲ ನನ್ನ ಕೈಗೆ ಬಂತು.

ನಮ್ಮದು ಅಡಸಾಲಿ ಕಬ್ಬು. ಜುಲೈ-ಆಗಸ್ಟ್‌ನಲ್ಲಿ ನಾಟಿ ಮಾಡಿದರೆ ಕಟಾವಿಗೆ 16ರಿಂದ 18 ತಿಂಗಳು. ಅಲ್ಲಿಯವರೆಗೆ ಗೊಬ್ಬರ, ಆಳು, ಮನೆ ಖರ್ಚು ಎಲ್ಲ ಸಾಲದಲ್ಲೇ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದರೆ ಒಂದು ವರ್ಷ ನಮಗೆ ಅದು ಮೂರು ಕಂತಿನಲ್ಲಿ ಬಂತು. ಕೊನೆಯ ಕಂತು ಕೈಗೆ ಸಿಕ್ಕಿದ್ದು ಗಣೇಶ ಹಬ್ಬದ ಹೊತ್ತಿಗೆ. ಮಗಳ ಕಾಲೇಜು ಫೀಸಿಗೆ ನನ್ನ ಬೆಂಡೋಲೆ ಅಡವಿಟ್ಟೆ. ಹೊಲದಲ್ಲಿ ಆಳೆತ್ತರದ ಬೆಳೆ ನಿಂತಿದೆ, ಮನೆಯಲ್ಲಿ ಹಾಲಿಗೆ ದುಡ್ಡಿಲ್ಲ. ಅವತ್ತೇ ನಿರ್ಧಾರ ಮಾಡಿದೆ: ಎಷ್ಟೇ ಕಡಿಮೆಯಾಗಲಿ, ತಿಂಗಳಿಗಿಷ್ಟು ಅಂತ ದುಡ್ಡು ಬರುವ ಹಾಗೆ ಹೊಲ ಮಾಡಬೇಕು.

ಕಬ್ಬನ್ನು ಒಂದೂವರೆ ಎಕರೆಗೆ ಇಳಿಸಿದೆ. ನಾಟಿಯನ್ನು ಅಕ್ಟೋಬರ್‌ಗೆ ತಂದೆ. ಸಾಲಿಂದ ಸಾಲಿಗೆ ಐದು ಅಡಿ ಬಿಟ್ಟು, ನಡುವೆ ಮೆಂತ್ಯ, ಕೊತ್ತಂಬರಿ, ಈರುಳ್ಳಿ ಹಾಕಿದೆ. ಮೆಂತ್ಯ ಒಂದು ತಿಂಗಳಿಗೇ ಕೈಗೆ ಬರುತ್ತದೆ. ಉಳಿದ ಒಂದೂವರೆ ಎಕರೆಗೆ ಹಿಂಗಾರಿ ಬಿಳಿಜೋಳ, ನಡುನಡುವೆ ಅಕ್ಕಡಿ ಸಾಲಿನಲ್ಲಿ, ಅಂದರೆ ಮಿಶ್ರ ಬೆಳೆಯಾಗಿ, ಕುಸುಬೆ.

2018ರಲ್ಲಿ ಕಬ್ಬಿಗೆ ಡ್ರಿಪ್ (ಹನಿ ನೀರಾವರಿ) ಹಾಕಿಸಿದೆ. ಸಣ್ಣ ರೈತರಿಗೆ ಕೇಂದ್ರದ ಯೋಜನೆಯಲ್ಲಿ ಶೇ. 55 ಸಬ್ಸಿಡಿ ಇತ್ತು. ಆದರೆ ಮೊದಲು ಪೂರ್ತಿ ದುಡ್ಡು ನಾವೇ ಹಾಕಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ. ಇದನ್ನು ಲೆಕ್ಕ ಹಾಕಿಕೊಂಡೇ ಕೈ ಹಾಕಿ.

ಮೊದಲ ಬೇಸಿಗೆಯಲ್ಲೇ ಪೆಟ್ಟು ತಿಂದೆ. ಸಾಲಿನ ತುದಿಯ ಕಬ್ಬು ಹಳದಿಯಾಯಿತು. ನೀರು ಕಡಿಮೆಯಾಯಿತೇನೋ ಅಂತ ಮೋಟರ್ ಇನ್ನೂ ಒಂದು ತಾಸು ಜಾಸ್ತಿ ಓಡಿಸಿದೆ. ಆದರೂ ಬಾಡಿತು. ಕೊನೆಗೆ ಪೈಪಿನ ತುದಿ ಬಿಚ್ಚಿದರೆ ಹಸಿರು ಲೋಳೆ, ಕೆಸರು. ಡ್ರಿಪ್ ಹಾಕಿದವರು ಬರೀ ಜಾಲರಿ ಫಿಲ್ಟರ್ ಕೊಟ್ಟಿದ್ದರು. ಬೋರ್‌ವೆಲ್ ನೀರಿಗೆ ಅದು ಸಾಕಾಗಬಹುದು. ಕಾಲುವೆ ನೀರಿನಲ್ಲಿ ಪಾಚಿ, ಹೂಳು ಎರಡೂ ಇರುತ್ತವೆ. ಅದಕ್ಕೆ ಮೊದಲು ಮರಳಿನ ಫಿಲ್ಟರ್, ಆಮೇಲೆ ಜಾಲರಿ. ಸಾಲ ಮಾಡಿ ಮರಳಿನದ್ದು ತಂದೆ. ಈಗ ಪ್ರತಿ ವಾರ ಪೈಪುಗಳ ತುದಿ ಬಿಚ್ಚಿ, ತಿಳಿ ನೀರು ಬರುವವರೆಗೆ ಬಿಡುತ್ತೇನೆ. ಈ ಕೆಲಸವನ್ನು ಆಳಿಗೆ ಬಿಡುವುದಿಲ್ಲ. ಡ್ರಿಪ್ ಹಾಕಿಸಿಕೊಳ್ಳುವವರು ಪೈಪಿನ ದರಕ್ಕಿಂತ ಮೊದಲು ಫಿಲ್ಟರ್ ಬಗ್ಗೆ ಕೇಳಿ.

ಇನ್ನು ರವದಿ, ಅಂದರೆ ಕಬ್ಬಿನ ಒಣ ಸೋಗೆ. ಕಟಾವಾದ ಮೇಲೆ ನಮ್ಮಲ್ಲಿ ಎಲ್ಲರೂ ಬೆಂಕಿ ಹಚ್ಚುತ್ತಿದ್ದರು, ನಾವೂ ಹಚ್ಚುತ್ತಿದ್ದೆವು. ಪುಣೆಯ ಹಡಪ್ಸರ್ ಹತ್ತಿರದ ಮಾಂಜರಿಯಲ್ಲಿ ವಸಂತದಾದಾ ಸಕ್ಕರೆ ಸಂಸ್ಥೆಯಿದೆ. ಅಲ್ಲಿ ಕೇಳಿ ತಿಳಿದುಕೊಂಡ ಮೇಲೆ ಬೆಂಕಿ ನಿಲ್ಲಿಸಿದೆ. ಈಗ ಕೂಳೆಯನ್ನು (ಕಡಿದ ಮೇಲೆ ಉಳಿದ ಬುಡವನ್ನು) ನೆಲಮಟ್ಟಕ್ಕೆ ಸವರುತ್ತೇವೆ. ರವದಿಯನ್ನು ಬುಡದಿಂದ ಸರಿಸಿ ಸಾಲಿನ ನಡುವೆ ಹಾಸುತ್ತೇವೆ. ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್, ಒಂದು ಕೆಜಿ ಕೊಳೆಸುವ ಕಲ್ಚರ್ ಎರಚಿ ನೀರು ಬಿಡುತ್ತೇವೆ. ಕಳೆ ಏಳುವುದು ಅಪರೂಪ. ಏಪ್ರಿಲ್ ಬಿಸಿಲಿನಲ್ಲೂ ರವದಿ ಎತ್ತಿ ನೋಡಿದರೆ ಕೆಳಗೆ ಮಣ್ಣು ತಂಪಾಗಿರುತ್ತದೆ, ಎರೆಹುಳು ಸಿಗುತ್ತವೆ. ಮೊದಲ ಸಲ ಅವನ್ನು ಕಂಡಾಗ ಅಪ್ಪ ಇರಬೇಕಿತ್ತು ಅನ್ನಿಸಿತು.

ಜೋಳಕ್ಕೆ ಗಿರಾಕಿ ಸಿಕ್ಕಿದ್ದು ಎಳ್ಳ ಅಮಾವಾಸ್ಯೆಯಿಂದ. ಹಡಪ್ಸರ್‌ನಲ್ಲಿ ವಿಜಯಪುರ, ಕಲಬುರಗಿ ಕಡೆಯ ಪರಿಚಯದವರಿದ್ದಾರೆ. ಆ ಹಬ್ಬಕ್ಕೆ ಚರಗ ಚೆಲ್ಲಲು, ಅಂದರೆ ಹೊಲದಲ್ಲಿ ನೈವೇದ್ಯ ಎರಚಲು, ಅವರಿಗೆ ಸ್ವಂತ ಹೊಲ ಹತ್ತಿರದಲ್ಲಿಲ್ಲ ಅಲ್ವಾ, ನಮ್ಮಲ್ಲಿಗೆ ಬನ್ನಿ ಅಂದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದರು. ಉಂಡು, ಮಕ್ಕಳನ್ನು ಕಾಳುಗಟ್ಟುತ್ತಿದ್ದ ಜೋಳದಲ್ಲಿ ಓಡಾಡಿಸಿ, ಹೊರಡುವಾಗ ಕೇಳಿದರು: ‘ಈ ಜೋಳ ನಮಗೇ ಕೊಡ್ರಿ.’ ಆ ವರ್ಷ ಆರು ಮನೆ, ಈಗ ಹದಿನಾಲ್ಕು. ಅಡತಿ (ಮಂಡಿ ದಲ್ಲಾಳಿ) ದರಕ್ಕಿಂತ ಕೆಜಿಗೆ ಎಂಟು ರೂಪಾಯಿ ಜಾಸ್ತಿ ಕೊಡುತ್ತಾರೆ, ದುಡ್ಡು ಅದೇ ದಿನ. ಕುಸುಬೆಯನ್ನು ಗಾಣಕ್ಕೆ ಹಾಕಿಸಿ ಎಣ್ಣೆ ಕೊಡುತ್ತೇನೆ. ಕಣಿಕೆ, ಅಂದರೆ ಜೋಳದ ದಂಟು, ಮೇವಿಗೆ ಅಂತ ಪಕ್ಕದ ಹಾಲಿನವರಿಗೆ ಹೋಗುತ್ತದೆ.

ಎಕರೆಗೆ ಒಟ್ಟು ಎಷ್ಟು ಬಂತು ಅಂತ ನೋಡಿದರೆ, ಒಳ್ಳೆಯ ಅಡಸಾಲಿ ಕಬ್ಬಿಗಿಂತ ಈಗಿನದು ಸ್ವಲ್ಪ ಕಡಿಮೆಯೇ. ಇದನ್ನು ಮುಚ್ಚಿಡುವುದಿಲ್ಲ. ಆದರೆ ಮೂರು ವರ್ಷದಿಂದ ಬಡ್ಡಿ ಕಟ್ಟಿಲ್ಲ. ಬಡ್ಡಿ ತೆಗೆದು ಲೆಕ್ಕ ಹಾಕಿದರೆ ಕೈಯಲ್ಲಿ ಉಳಿಯುವುದು ಈಗಲೇ ಜಾಸ್ತಿ.

ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದುಡ್ಡು ಬಂದ ದಿನಕ್ಕೆಲ್ಲ ಗೆರೆ ಎಳೆಯುತ್ತೇನೆ. ಜೂನ್, ಜುಲೈ ಇನ್ನೂ ಖಾಲಿ. ಅದಕ್ಕೇ ಈ ಸಲ ಬದುವಿನ ಮೇಲೆ ನಲವತ್ತು ಕರಿಬೇವಿನ ಸಸಿ ಹಚ್ಚಿದ್ದೇನೆ.