ಸಫಾರಿ ಬೇಟೆಯಲ್ಲಿ ವಾಹನ: ಎಲ್ಲಿ ಇಳಿಯಬೇಕು, ಎಲ್ಲಿಂದ ಈಡು ಹಾರಿಸಬೇಕು

ಆಫ್ರಿಕದ ಬೇಟೆ ಸಫಾರಿಗೆ ಹೊರಡುವವರು ಕೋವಿ, ತೋಟಾ, ಪರವಾನಗಿಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ವಾಹನದ ವಿಷಯವನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಆದರೆ ಇಡೀ ಪ್ರವಾಸದಲ್ಲಿ ಕಾನೂನು ಮುರಿಯುವ ಸಂದರ್ಭ ಅತ್ಯಂತ ಸಲೀಸಾಗಿ ಎದುರಾಗುವುದು ತೆರೆದ ಲ್ಯಾಂಡ್ ಕ್ರೂಸರಿನ ಎತ್ತರದ ಸೀಟಿನ ಮೇಲೆಯೇ. ಹಿಂದೆ ನಿಂತ ಜಾಡುಗಾರ ಚಾವಣಿಯನ್ನು ಮೆಲ್ಲಗೆ ಎರಡು ಸಲ ತಟ್ಟುತ್ತಾನೆ, ವಾಹನ ನಿಲ್ಲುತ್ತದೆ, 80 ಮೀಟರ್ ಆಚೆ ಸುರುಳಿ ಕೊಂಬಿನ ಗಂಡು ಕುಡು (ಜಿಂಕೆಯಂಥ ದೊಡ್ಡ ಪ್ರಾಣಿ) ಕಿವಿ ನಿಮಿರಿಸಿಕೊಂಡು ನಮ್ಮನ್ನೇ ನೋಡುತ್ತ ನಿಂತಿರುತ್ತದೆ. ಕೋವಿ ಕೈಗೆಟಕುವ ಹಾಗೆ ಪಕ್ಕದಲ್ಲೇ ಇದೆ. ಆ ಹತ್ತು ಸೆಕೆಂಡುಗಳಲ್ಲಿ ಏನು ಮಾಡಬೇಕೆಂಬುದನ್ನು ಮನೆಯಲ್ಲಿದ್ದಾಗಲೇ ತೀರ್ಮಾನಿಸಿಕೊಂಡಿರಬೇಕು. ಅಲ್ಲಿ ಕುಳಿತು ಯೋಚಿಸುತ್ತೇನೆಂದರೆ ಕೈ ತಾನಾಗಿಯೇ ಕೋವಿಯ ಕಡೆಗೆ ಹೋಗುತ್ತದೆ.

ಆ ಕುಡು ಓಡದೆ ನಿಂತದ್ದೇಕೆ ಎಂಬುದು ಮೊದಲು ಅರ್ಥವಾಗಬೇಕು. ವಾಹನಗಳು ದಿನವೂ ಓಡಾಡುವ ಕಾಡಿನಲ್ಲಿ ಪ್ರಾಣಿಗಳು ಅದನ್ನೊಂದು ನಿರಪಾಯಕಾರಿ ವಸ್ತುವೆಂದು ಕಲಿತುಕೊಂಡಿರುತ್ತವೆ. ಅದರೊಳಗೆ ಕುಳಿತ ಮನುಷ್ಯರು ಅವಕ್ಕೆ ಬೇರೆಬೇರೆಯಾಗಿ ಕಾಣುವುದಿಲ್ಲ, ಇಡೀ ವಾಹನವೇ ಒಂದು ಆಕೃತಿಯಾಗಿ ಕಾಣುತ್ತದೆ. ಅದೇ ಮನುಷ್ಯ ಕೆಳಗಿಳಿದು ಎರಡು ಹೆಜ್ಜೆ ಇಟ್ಟರೆ ಹಿಂಡು ಚದುರುತ್ತದೆ. ಸೆರೆಂಗೆಟಿಯಲ್ಲಿ ಸಿಂಹಗಳು ಬಿಸಿಲಿಗೆ ಜೀಪಿನ ನೆರಳಿನಲ್ಲೇ ಬಂದು ಮಲಗುವುದೂ ಈ ಕಲಿಕೆಯಿಂದಲೇ. ಹಾಗಾಗಿ ವಾಹನದಿಂದ ಈಡು ಹಾರಿಸುವವನು ಪ್ರಾಣಿಯ ಕಣ್ಣು, ಕಿವಿ, ಮೂಗುಗಳನ್ನು ತನ್ನ ಜಾಣ್ಮೆಯಿಂದ ಗೆದ್ದಿರುವುದಿಲ್ಲ. ಅದು ಇಟ್ಟ ನಂಬಿಕೆಯನ್ನು ಬಳಸಿಕೊಂಡಿರುತ್ತಾನೆ, ಅಷ್ಟೆ. ಈ ಮಾತು ಇತ್ತೀಚಿನ ಪ್ರಾಣಿದಯೆಯವರು ಹುಟ್ಟಿಸಿದ್ದೂ ಅಲ್ಲ. ಪೂರ್ವ ಆಫ್ರಿಕದಲ್ಲಿ ಬೇಟೆಯನ್ನೇ ವೃತ್ತಿ ಮಾಡಿಕೊಂಡಿದ್ದ ಡೆನಿಸ್ ಫಿಂಚ್ ಹ್ಯಾಟನ್, ಸೆರೆಂಗೆಟಿಯ ಬಯಲಿನಲ್ಲಿ ಮೋಟಾರು ಕಾರಿನಲ್ಲಿ ಕುಳಿತು ಸಿಂಹಗಳನ್ನು ಕೊಲ್ಲುತ್ತಿದ್ದ ಪ್ರವಾಸಿಗಳ ವಿರುದ್ಧ 1920ರ ದಶಕದ ಕೊನೆಯಲ್ಲೇ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದಿದ್ದ. ವಾಹನ ಕಾಡಿಗೆ ಕಾಲಿಟ್ಟಷ್ಟೇ ಹಳೆಯದು ಈ ಜಗಳ.

ಇನ್ನು ಕಾನೂನು. ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಅನ್ವಯಿಸಲು ಹೋಗಬಾರದು. ಕೆನ್ಯಾದಲ್ಲಿ 1977ರಿಂದ ಕ್ರೀಡಾಬೇಟೆಯೇ ಇಲ್ಲ. ತಾಂಜಾನಿಯದಲ್ಲಿ ವಾಹನದ ಮೇಲಿಂದ ಮಾತ್ರವಲ್ಲ, ವಾಹನದಿಂದ 200 ಮೀಟರ್ ಒಳಗಿನಿಂದಲೂ ಪ್ರಾಣಿಗೆ ಈಡು ಹಾರಿಸುವಂತಿಲ್ಲ. ಬೇಟೆಗಾರನ ಜೊತೆ ಸರ್ಕಾರದ ಕಾವಲುಗಾರನೂ ಇರುತ್ತಾನಾದ್ದರಿಂದ ಅದು ಬರೀ ಕಾಗದದ ನಿಯಮವೆಂದು ಭಾವಿಸಬೇಡಿ. ನಮೀಬಿಯದಲ್ಲಿ ಟ್ರೋಫಿ ಬೇಟೆಯನ್ನು, ಅಂದರೆ ಕೊಂಬು, ತಲೆ, ಚರ್ಮಗಳನ್ನು ನೆನಪಿಗೆ ಒಯ್ಯಲೆಂದು ಆಡುವ ಬೇಟೆಯನ್ನು, ವಾಹನದಿಂದ ಮಾಡುವುದಕ್ಕೆ ಅವಕಾಶವಿಲ್ಲ. ದಕ್ಷಿಣ ಆಫ್ರಿಕದ ಸ್ಥಿತಿ ಕೊಂಚ ಗೋಜಲು: ಅಪಾಯದಲ್ಲಿರುವ ಮತ್ತು ಸಂರಕ್ಷಿತ ಪ್ರಾಣಿಗಳಿಗೆ ಸಂಬಂಧಿಸಿದ 2007ರ ರಾಷ್ಟ್ರೀಯ ನಿಯಮಾವಳಿ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ವಾಹನ ಬಳಸಿ ಬೇಟೆಯಾಡುವುದನ್ನು ನಿರ್ಬಂಧಿಸಿ, ಬಹುದೂರ ಜಾಡು ಹಿಡಿದು ಹೋಗುವುದಕ್ಕೆ ಮತ್ತು ಅಂಗವಿಕಲ ಅಥವಾ ವೃದ್ಧ ಬೇಟೆಗಾರರಿಗೆ ವಿನಾಯಿತಿ ಕೊಡುತ್ತದೆ, ಪಟ್ಟಿಯಲ್ಲಿಲ್ಲದ ಸಾಮಾನ್ಯ ಪ್ರಾಣಿಗಳ ವಿಷಯದಲ್ಲಿ ಆಯಾ ಪ್ರಾಂತ್ಯದ ಕಾಯ್ದೆಯನ್ನು ನೋಡಬೇಕು. ‘ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ’ ಎಂದು ಯಾರಾದರೂ ಹೇಳಿದರೆ ಅದು ಕಾನೂನಿನ ಉತ್ತರವಲ್ಲ. ಅಮೆರಿಕಕ್ಕೆ ಟ್ರೋಫಿ ಒಯ್ಯುವವರಿಗಂತೂ ಇದರಲ್ಲಿ ಇನ್ನೊಂದು ತೊಡಕಿದೆ: ಬೇರೆ ದೇಶದ ವನ್ಯಜೀವಿ ಕಾನೂನನ್ನು ಮುರಿದು ಪಡೆದ ಪ್ರಾಣಿಯನ್ನು ಆಮದು ಮಾಡಿಕೊಳ್ಳುವುದು ಅಲ್ಲಿನ 1900ರ ಲೇಸಿ ಕಾಯ್ದೆಯಡಿ ಅಪರಾಧ. ಕಾಡಿನಲ್ಲಿ ಮುಗಿದುಹೋಯಿತೆಂದುಕೊಂಡ ತಪ್ಪು ಬಂದರಿನಲ್ಲಿ ಎದ್ದು ನಿಲ್ಲಬಹುದು.

ಆದ್ದರಿಂದ ಹಣ ಕಟ್ಟುವ ಮೊದಲೇ ಸಫಾರಿ ಸಂಸ್ಥೆಗೆ ಬರೆದು ಕೇಳಿ: ನಾನು ಬೇಟೆಯಾಡುವ ಪ್ರದೇಶದಲ್ಲಿ ಯಾವ ಕಾನೂನು ನಡೆಯುತ್ತದೆ, ವಾಹನದಿಂದ ಎಷ್ಟು ದೂರ ಹೋಗಬೇಕು, ಗಾಯಗೊಂಡ ಪ್ರಾಣಿಯನ್ನು ವಾಹನದಲ್ಲಿ ಬೆನ್ನಟ್ಟಲು ಅನುಮತಿಯಿದೆಯೆ. ಉತ್ತರವೂ ಬರಹದಲ್ಲಿಯೇ ಬರಲಿ. ಬಿಡಾರ ತಲುಪಿದ ಮೊದಲ ಸಂಜೆ, ನಿಮ್ಮನ್ನು ಬೇಟೆಗೆ ಕರೆದೊಯ್ಯುವ ವೃತ್ತಿಪರ ಬೇಟೆಗಾರನ ಬಳಿ, ಜಾಡುಗಾರರಿಗೂ ಕೇಳಿಸುವಂತೆ, ‘ನಾನು ವಾಹನದಿಂದ ಈಡು ಹಾರಿಸುವುದಿಲ್ಲ, ನಡೆದು ಸಿಗದಿದ್ದರೆ ಬೇಸರವಿಲ್ಲ’ ಎಂದು ಸ್ಪಷ್ಟವಾಗಿ ಹೇಳಿಬಿಡಿ. ಇದು ಸಣ್ಣ ಮಾತೆನ್ನಿಸಬಹುದು, ಆದರೆ ಜಾಡುಗಾರರ ಭಕ್ಷೀಸು ಬಹುಮಟ್ಟಿಗೆ ಅತಿಥಿಯ ಸಂತೋಷವನ್ನು ಅವಲಂಬಿಸಿರುತ್ತದೆ. ಅತಿಥಿಗೆ ಏನು ಬೇಡವೆಂದು ತಿಳಿಯದಿದ್ದರೆ ಅವರು ಅತಿ ಸುಲಭದ ಅವಕಾಶವನ್ನೇ ಹುಡುಕಿಕೊಡುತ್ತಾರೆ. ತಪ್ಪು ಅವರದಲ್ಲ.

ವಾಹನದಲ್ಲಿರುವಷ್ಟು ಹೊತ್ತೂ ಕೋವಿಯ ಕೋಣೆ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ, ಖಾಲಿಯಾಗಿರಬೇಕು. ಕುಲುಕುವ ದಾರಿಯಲ್ಲಿ, ಐದಾರು ಜನ ಒತ್ತಿಕೊಂಡು ಕುಳಿತಿರುವಾಗ, ಸುರಕ್ಷಾ ಕೀಲಿಯನ್ನಷ್ಟೇ ನಂಬುವುದು ಮೂರ್ಖತನ. ವಾಹನದ ಮೇಲಿಂದ ಗುಂಡು ಹಾರಿಸುವುದರಲ್ಲಿ ಇನ್ನೊಂದು ಮೋಸವೂ ಅಡಗಿದೆ. ಕೋವಿಯ ಮೇಲಿನ ದುರ್ಬೀನು ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಬಾನೆಟ್ಟಿನ ಅಥವಾ ಚಾವಣಿಯ ಅಂಚಿನ ಮೇಲೆ ಕೋವಿ ಊರಿದಾಗ ದುರ್ಬೀನಿನಲ್ಲಿ ಪ್ರಾಣಿ ನಿಚ್ಚಳವಾಗಿ ಕಂಡರೂ ನಳಿಗೆಯ ಬಾಯಿಯ ಮುಂದೆ ತಗಡು ಅಡ್ಡವಿರಬಹುದು. ಗುಂಡು ಪ್ರಾಣಿಗೆ ತಗಲುವ ಬದಲು ಬಾನೆಟ್ಟನ್ನು ಸೀಳಿಕೊಂಡು ಹೋಗುತ್ತದೆ. ಪಕ್ಕದಲ್ಲಿದ್ದವರ ಕಿವಿಯ ಗತಿಯನ್ನು ಹೇಳಬೇಕಾಗಿಲ್ಲ.

ಸರಿಯಾದ ಕ್ರಮದಲ್ಲಿ ವಾಹನದ ಕೆಲಸ ನಿಮ್ಮನ್ನು ಕಾಡಿಗೆ ತಲುಪಿಸುವುದು. ಪ್ರಾಣಿಯ ಬಳಿಗೆ ತಲುಪಿಸುವುದು ಕಾಲಿನ ಕೆಲಸ. ಕಾಡೆಮ್ಮೆಯ ಬೇಟೆಯಲ್ಲಿ ಇದು ಸಹಜವಾಗಿಯೇ ನಡೆಯುತ್ತದೆ: ಬೆಳಗಿನ ಜಾವ ನೀರಿನ ತಾಣದ ಬಳಿ ರಾತ್ರಿಯ ಹೊಸ ಹೆಜ್ಜೆಗಳು ಸಿಕ್ಕರೆ ವಾಹನವನ್ನು ಅಲ್ಲೇ ಬಿಟ್ಟು, ಗಂಟೆಗಟ್ಟಲೆ ಜಾಡು ಹಿಡಿದು ನಡೆಯುತ್ತಾರೆ. ಗೊಂದಲ ಹುಟ್ಟುವುದು ಜಿಂಕೆ ಜಾತಿಯ ಪ್ರಾಣಿಗಳು ದಾರಿಯಿಂದಲೇ ಕಂಡಾಗ. ಆಗ ವಾಹನವನ್ನು ನಿಲ್ಲಿಸದೆ ಅದೇ ವೇಗದಲ್ಲಿ ಮುಂದೆ ಹೋಗಲು ಹೇಳಿ. ಎಂಜಿನ್ ಸದ್ದು ಏಕಾಏಕಿ ನಿಂತರೆ ಪ್ರಾಣಿಗೆ ಸಂಶಯ ಬರುತ್ತದೆ. ದಿಣ್ಣೆಯ ಅಥವಾ ದಟ್ಟ ಪೊದೆಯ ಮರೆಗೆ, ಪ್ರಾಣಿಯ ಕಣ್ಣಿನಿಂದ ಪೂರ್ತಿ ಆಚೆಗೆ ಹೋದ ಮೇಲೆ ಇಳಿಯಿರಿ. ಬಾಗಿಲನ್ನು ಬಡಿಯದೆ ಒತ್ತಿ ಮುಚ್ಚಿ, ಬೂದಿಯ ಚೀಲವನ್ನು ಕೊಡವಿ ಗಾಳಿಯ ದಿಕ್ಕು ನೋಡಿ, ಆಮೇಲೆ ಸುತ್ತು ಬಳಸಿ ನಡೆಯಿರಿ. ದೂರದ ನಿಯಮವಿರುವಲ್ಲಿ ದೂರಮಾಪಕವನ್ನು ಒಮ್ಮೆ ಹಿಂದಕ್ಕೆ, ವಾಹನದ ಕಡೆಗೂ ತಿರುಗಿಸಿ ಅಳೆಯಿರಿ. ಉಪಕರಣವಿಲ್ಲದಿದ್ದರೆ 200 ಮೀಟರಿಗೆ ಸುಮಾರು 270 ಹೆಜ್ಜೆ ಎಂದು ಲೆಕ್ಕ ಹಿಡಿದು ಇನ್ನೂ ಮೂವತ್ತು ಸೇರಿಸಿಕೊಳ್ಳಿ.

ಚಲಿಸುವ ವಾಹನದಿಂದ ಬೇಟೆಗಾರ ಪೊದೆಯ ಹಿಂದೆ ಜಾರಿಕೊಂಡು, ಪ್ರಾಣಿ ಮುಂದೆ ಸಾಗುವ ವಾಹನವನ್ನೇ ನೋಡುತ್ತಿರುವಾಗ ಈಡು ಹಾರಿಸುವ ಉಪಾಯವೊಂದಿದೆ. ದೂರದ ನಿಯಮವಿಲ್ಲದ ಕಡೆ ಇದು ಕಾನೂನಿಗೆ ಹೊರತಾಗದಿರಬಹುದು, ಆದರೂ ನನ್ನ ಲೆಕ್ಕದಲ್ಲಿ ಇದು ವಾಹನದಿಂದ ಹೊಡೆದದ್ದೇ, ಏಕೆಂದರೆ ಪ್ರಾಣಿಯ ಗಮನವನ್ನು ಕಟ್ಟಿಹಾಕಿದ್ದು ವಾಹನ. ಚಿರತೆಯ ವಿಷಯದಲ್ಲಿ ನನಗೆ ಅಷ್ಟು ಖಚಿತವಿಲ್ಲ: ಬೇಟೆಗಾರರನ್ನು ಮರೆಗೂಡಿನಲ್ಲಿ ಇಳಿಸಿ, ಚಿರತೆಗೆ ಕೇಳಿಸಲೆಂದೇ ವಾಹನವನ್ನು ಸದ್ದು ಮಾಡುತ್ತ ದೂರ ಒಯ್ಯುವುದು ಹಳೆಯ ವಾಡಿಕೆ, ಮತ್ತು ಈಡಿನ ಹೊತ್ತಿಗೆ ವಾಹನ ಕಿಲೋಮೀಟರುಗಟ್ಟಲೆ ಆಚೆ ಇರುತ್ತದೆ.

ವಿನಾಯಿತಿಗಳನ್ನು ಕಳ್ಳದಾರಿಯೆಂದು ಕಾಣಬಾರದು. ನಡೆಯಲಾಗದವನು ಅನುಮತಿ ಪಡೆದು, ನಿಂತ ವಾಹನದಿಂದ, ಎಂಜಿನ್ ಆರಿಸಿ ಗುರಿಯಿಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಾಂಸಕ್ಕಾಗಿ ಅಥವಾ ಸಂಖ್ಯೆ ತಗ್ಗಿಸಲು ಪರವಾನಗಿಯೊಂದಿಗೆ ವಾಹನದಿಂದ ಮಾಡುವ ಕೊಯ್ಲು ಬೇರೆಯೇ ಕೆಲಸ. ಅಲ್ಲಿ ಪ್ರಾಣಿ ತಕ್ಷಣ ಸಾಯುವುದು ಮುಖ್ಯ, ಬೇಟೆಗಾರನ ಪೌರುಷವಲ್ಲ. ಅದನ್ನು ಟ್ರೋಫಿ ಬೇಟೆಯೆಂದು ಹೇಳಿಕೊಳ್ಳದಿದ್ದರಾಯಿತು. ಛಾಯಾಚಿತ್ರ ಸಫಾರಿಯವರೂ ಓಡಾಡುವ ಪ್ರದೇಶವಾದರೆ ಅವರ ವಾಹನಗಳು ಕಾಣುವಷ್ಟು, ಸದ್ದು ಕೇಳುವಷ್ಟು ಹತ್ತಿರದಲ್ಲಿ ಕೋವಿ ಎತ್ತಲೇಬೇಡಿ.

ಗಾಯಗೊಂಡ ಪ್ರಾಣಿಯ ಮುಂದೆ ಮೇಲಿನ ಎಷ್ಟೋ ಮಾತುಗಳು ಹಿಂದೆ ಸರಿಯುತ್ತವೆ. ನೆತ್ತರು ಬಿದ್ದರೆ ಪ್ರಾಣಿ ಸಿಗಲಿ ಬಿಡಲಿ ಪೂರ್ತಿ ಶುಲ್ಕ ತೆರಬೇಕೆಂಬುದು ಎಲ್ಲೆಡೆಯ ವಾಡಿಕೆ; ಅದಕ್ಕಿಂತ ಮುಖ್ಯವಾಗಿ, ಅದರ ನರಳಾಟವನ್ನು ಬೇಗ ಮುಗಿಸುವ ಹೊಣೆ ನಿಮ್ಮದು. ಕಾನೂನು ಒಪ್ಪುವಲ್ಲಿ, ವೃತ್ತಿಪರ ಬೇಟೆಗಾರ ಹೇಳಿದರೆ, ವಾಹನವನ್ನು ಕರೆಸಿಕೊಳ್ಳಿ. ಒಪ್ಪದ ಕಡೆ ಕಾಲ್ನಡಿಗೆಯಲ್ಲೇ, ಅವನ ಹಿಂದೆ, ಅವನು ತೋರಿದ ಜಾಗದಲ್ಲಿ ನಡೆಯಿರಿ. ಪ್ರಾಣಿ ಬಿದ್ದಿರುವುದು ಕಂಡರೆ ಬೆನ್ನಿನ ಕಡೆಯಿಂದ ಸಮೀಪಿಸಿ, ಉದ್ದನೆಯ ಕೋಲಿನ ತುದಿಯಿಂದ ಕಣ್ಣನ್ನು ಮುಟ್ಟಿ ನೋಡಿ. ರೆಪ್ಪೆ ಮಿಡಿಯದಿದ್ದರೆ ಕೋವಿಯ ಕೋಣೆಯನ್ನು ಖಾಲಿ ಮಾಡಿ, ವೈರ್‌ಲೆಸ್‌ನಲ್ಲಿ ವಾಹನ ಕರೆಯಿರಿ, ಮತ್ತು ಅದು ಪೊದೆಗಳನ್ನು ತುಳಿಯದೆ ಬರಬಹುದಾದ ದಾರಿಯನ್ನು ತೋರಿಸಲು ಜಾಡುಗಾರನೊಬ್ಬನನ್ನು ಎದುರಿಗೆ ಕಳಿಸಿ.