ಬೋರ್ಡ್ ಚುಚ್ಚಿ, ಆಮೇಲೆ ಕರ್ನಲ್ ಕಟ್ಟಿ

ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇದೆ. ಅದರ ಲಿನಕ್ಸ್ ಕರ್ನಲ್ಲನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಾನೇ ಕಂಪೈಲ್ ಮಾಡಿಕೊಂಡೆ. ಬೇಡದ ಡ್ರೈವರ್‌ಗಳನ್ನು ಬಿಟ್ಟರೆ ಕಂಪೈಲ್ ಬೇಗ ಮುಗಿಯುತ್ತದೆ. ಆದರೆ ಆರ್ಡುಯಿನೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಯುಎಸ್‌ಬಿ ಮೂಲಕ ಪ್ರೋಗ್ರಾಂ ಹಾಕಬೇಕಲ್ವಾ, ಅದಕ್ಕೆ ಬೇಕಾದದ್ದು ಉಳಿಯಬೇಕು.

ಇಲ್ಲಿ ಬೋರ್ಡಿನ ಹೆಸರು ನೋಡಿ ಪ್ರಯೋಜನವಿಲ್ಲ. ಯುಎಸ್‌ಬಿ ಕಡೆ ಯಾವ ಚಿಪ್ ಇದೆ ಅನ್ನುವುದೇ ಮುಖ್ಯ. ಆರ್ಡುಯಿನೊದ ಅಸಲಿ ಉನೊ ಆರ್3 ಬೋರ್ಡಿನಲ್ಲಿ ಎಟಿಮೆಗಾ16ಯು2 ಇರುತ್ತದೆ, ಅದಕ್ಕೆ ಸಿಡಿಸಿ ಎಸಿಎಂ ಎಂಬ ಸೀರಿಯಲ್ ಪೋರ್ಟ್ ಡ್ರೈವರ್ ಬೇಕು. ಅಗ್ಗದ ಉನೊಗಳಲ್ಲಿ ಜಾಸ್ತಿ ಸಿಗುವುದು ಸಿಎಚ್340. ಅದರ ಡ್ರೈವರ್ ಹೆಸರು ಸಿಎಚ್341.

ಡ್ರೈವರ್‌ಗಳನ್ನು ಆರಿಸಲು ನಾನು 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಎಂಬ ಕಮಾಂಡ್ ಬಳಸಿದೆ. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ (ಬೇಕಾದಾಗ ಕರ್ನಲ್ಲಿಗೆ ಸೇರಿಕೊಳ್ಳುವ ಡ್ರೈವರ್ ತುಣುಕುಗಳು) ಅದು ಉಳಿಸಿಕೊಳ್ಳುತ್ತದೆ. ಹಾಗಾಗಿ ಉಬುಂಟುವಿನ ಕರ್ನಲ್‌ನಲ್ಲೇ ಬೂಟ್ ಮಾಡಿ, ನನ್ನಲ್ಲಿದ್ದ ಬೋರ್ಡ್‌ಗಳನ್ನೆಲ್ಲ ಮೊದಲು ಒಂದೊಂದಾಗಿ ಯುಎಸ್‌ಬಿಗೆ ಚುಚ್ಚಿದೆ. ತೆಗೆದ ಮೇಲೂ ಮಾಡ್ಯೂಲ್ ಲೋಡ್ ಆಗಿಯೇ ಇರುತ್ತದೆ, ಒಂದು ಸಲ ಚುಚ್ಚಿದರೆ ಸಾಕು. ಆಮೇಲೆ 'ಮೆನುಕಾನ್ಫಿಗ್' ಎಂಬ ಕರ್ನಲ್ ಆಯ್ಕೆಗಳ ಪಟ್ಟಿ ತೆರೆದು ಕಣ್ಣಾರೆ ನೋಡಿಕೊಂಡೆ: ಡಿವೈಸ್ ಡ್ರೈವರ್ಸ್, ಅದರೊಳಗೆ ಯುಎಸ್‌ಬಿ ಸಪೋರ್ಟ್. ಸಿಡಿಸಿ ಎಸಿಎಂ ಅಲ್ಲಿ 'ಯುಎಸ್‌ಬಿ ಮೋಡೆಮ್' ಅನ್ನುವ ಹೆಸರಲ್ಲಿದೆ. ಮೋಡೆಮ್ ನಮಗ್ಯಾಕೆ ಅಂತ ತೆಗೆದುಬಿಡಬೇಡಿ. ಸಿಎಚ್341 ಇರುವುದು 'ಯುಎಸ್‌ಬಿ ಸೀರಿಯಲ್ ಕನ್ವರ್ಟರ್' ಒಳಗೆ. ಅಲ್ಲೇ ಸಿಪಿ210ಎಕ್ಸ್ ಎಂಬ ಇನ್ನೊಂದು ಚಿಪ್‌ನ ಡ್ರೈವರನ್ನೂ 'ಎಂ' (ಮಾಡ್ಯೂಲ್) ಮಾಡಿಟ್ಟೆ. ಇಎಸ್‌ಪಿ32 ಬೋರ್ಡ್‌ಗಳಲ್ಲಿ ಆ ಚಿಪ್ ತುಂಬಾ ಕಾಣಸಿಗುತ್ತದೆ, ಮುಂದೆ ತಗೊಂಡರೆ ಇರಲಿ.

ಕಂಪೈಲ್, ಮಾಡ್ಯೂಲ್ ಇನ್‌ಸ್ಟಾಲ್, ರೀಬೂಟ್. ಬೋರ್ಡ್ ಚುಚ್ಚಿ 'ಡಿಮೆಸೇಜ್' (ಕರ್ನಲ್ ಸಂದೇಶಗಳನ್ನು ತೋರಿಸುವ ಕಮಾಂಡ್) ನೋಡಿದೆ. ಅಸಲಿ ಉನೊ 'ಟಿಟಿವೈಎಸಿಎಂ0' ಎಂಬ ಪೋರ್ಟ್ ಆಗಿ ಬಂತು. ಸಿಎಚ್340 ಬೋರ್ಡ್ 'ಟಿಟಿವೈಯುಎಸ್‌ಬಿ0' ಆಗಿ ಬಂದು, ತಕ್ಷಣ ಮಾಯವಾಯಿತು. ಇದು ಕರ್ನಲ್ಲಿನ ತಪ್ಪಲ್ಲ. ಕೆಲವು ಬ್ರೈಲ್ ಸಾಧನಗಳಿಗೂ ಸಿಎಚ್340ರ 1ಎ86:7523 ಎಂಬ ಅದೇ ಯುಎಸ್‌ಬಿ ಐಡಿ ಇದೆ. ಅದನ್ನು ಕಂಡ 'ಬಿಆರ್‌ಎಲ್‌ಟಿಟಿವೈ' ಎಂಬ ಬ್ರೈಲ್ ಸಾಧನಗಳ ತಂತ್ರಾಂಶ ಬೋರ್ಡನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆ ಪ್ಯಾಕೇಜ್ ತೆಗೆದುಬಿಡಿ ಎಂದು ಹಲವರು ಹೇಳುತ್ತಾರೆ. ದೃಷ್ಟಿ ಇಲ್ಲದವರೂ ಬಳಸುವ ಯಂತ್ರವಾದರೆ ಹಾಗೆ ಮಾಡಬಾರದು. ಅದರ ಯುಡೆವ್ ನಿಯಮದಲ್ಲಿ (ಸಾಧನ ಚುಚ್ಚಿದಾಗ ಏನಾಗಬೇಕೆಂದು ಹೇಳುವ ಕಡತ) ಆ ಐಡಿಯ ಸಾಲನ್ನಷ್ಟೇ ಕಾಮೆಂಟ್ ಮಾಡಿದರೆ ಸಾಕು. ನಾನು ಮಾಡಿದ್ದೂ ಅದನ್ನೇ.

ಇಷ್ಟಾದ ಮೇಲೂ 'ಪರ್ಮಿಷನ್ ಡಿನೈಡ್' ಬಂದರೆ ನಿಮ್ಮ ಯೂಸರ್, ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ 'ಡಯಲ್‌ಔಟ್' ಗುಂಪಿನಲ್ಲಿ ಇಲ್ಲ ಎಂದರ್ಥ. ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಯುಎಸ್‌ಬಿ‌ಎಎಸ್‌ಪಿ ಪ್ರೋಗ್ರಾಮರ್ (ಚಿಪ್‌ಗೆ ನೇರವಾಗಿ ಪ್ರೋಗ್ರಾಂ ತುಂಬುವ ಸಾಧನ) ಬಳಸುವವರಿಗೆ ಈ ಸೀರಿಯಲ್ ಡ್ರೈವರ್‌ಗಳು ಬೇಕಿಲ್ಲ. ಪ್ರೋಗ್ರಾಂ ತುಂಬುವ ತಂತ್ರಾಂಶವಾದ ಎವಿಆರ್‌ಡ್ಯೂಡ್ ಅದರೊಂದಿಗೆ ಲಿಬ್‌ಯುಎಸ್‌ಬಿ ಎಂಬ ಲೈಬ್ರರಿ ಮೂಲಕ ನೇರವಾಗಿ ಮಾತಾಡುತ್ತದೆ. ಅನುಮತಿಗೆ ಒಂದು ಯುಡೆವ್ ನಿಯಮ ಬರೆದುಕೊಂಡರೆ ಆಯಿತು.